19 ಶಿಲಿಂಗ್ ಟೋಪಿಯಿಂದ ತುಂಡು ಪಂಚೆಯವರೆಗೆ

ಮೇ ತಿಂಗಳಲ್ಲಿ ಪ್ರಾಜೆಕ್ಟ್ ವೈವಾ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ವಿಚಿತ್ರ ದೃಶ್ಯ. ಹೊರಗೆ ಕಾದ ಕಾವಲಿಯಂಥ ಬಿಸಿಲು. ಒಳಗೆ ನಾವೆಲ್ಲ ಪಾಲಿಯೆಸ್ಟರ್ ಶರ್ಟು, ಟೈ, ಕೆಲವರಂತೂ ಬ್ಲೇಜರ್ ಕೂಡ ಏರಿಸಿಕೊಂಡು, ಬೆವರು ಒರೆಸ್ತಾ ಸಾಲಲ್ಲಿ ನಿಂತಿರ್ತೇವೆ. ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತೆ; ಪಾಲಿಯೆಸ್ಟರ್ ನೂರಕ್ಕೆ ಅರ್ಧ ಪಾಲೂ ಹೀರಲ್ಲ. ಇದನ್ನ ಟೆಕ್ಸ್‌ಟೈಲ್ ಬ್ರಾಂಚಿನವರೇ ಬಂದು ಹೇಳಬೇಕಾಗಿಲ್ಲ, ಬೆನ್ನಿಗೆ ಅಂಟಿಕೊಂಡ ಶರ್ಟೇ ಹೇಳುತ್ತೆ. ಆದರೂ ಬಟ್ಟೆ ಅಂದ್ರೆ ಅಂಗಡಿಯಲ್ಲಿ ನೇತುಹಾಕಿರೋದು, ಸೈಜ್ ನೋಡಿ ಕೊಳ್ಳೋದಷ್ಟೇ ನಮ್ಮ ಕೆಲಸ ಅಂತ ನಾವು ನಂಬಿಬಿಟ್ಟಿದ್ದೇವೆ.

ಹಾಗಾಗಿ ಈ ಸಂಚಿಕೆಯಲ್ಲಿ ನಾವು ಗಾಂಧೀಜಿಯ ಬದುಕನ್ನು ಅವರ ಬಟ್ಟೆಯ ಕಡೆಯಿಂದ ಹೇಳೋಣ ಅಂತಿದ್ದೇವೆ. ಅವರ ರಾಜಕೀಯವನ್ನು ಹೈಸ್ಕೂಲಿನಿಂದ ಓದಿ ಓದಿ ಎಲ್ಲರಿಗೂ ಗೊತ್ತು. ಆದರೆ ಬಟ್ಟೆಯ ವಿಷಯದಲ್ಲಿ ಅವರು ಶುರುಮಾಡಿದ್ದು ನಮ್ಮ ಹಾಗೇನೇ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ, 1888ರ ಸೆಪ್ಟೆಂಬರಿನಲ್ಲಿ ಬ್ಯಾರಿಸ್ಟರ್ ಓದಲು ಹಡಗು ಹತ್ತಿದಾಗ ಇನ್ನೂ 19 ತುಂಬಿರಲಿಲ್ಲ. ಇಂಗ್ಲೆಂಡಿನಲ್ಲಿ ಇಳಿಯುವಾಗ ಚೆನ್ನಾಗಿ ಕಾಣಲಿ ಅಂತ ಒಂದು ಜೊತೆ ಬಿಳಿ ಫ್ಲಾನಲ್ ಬಟ್ಟೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಇಳಿದು ನೋಡಿದರೆ ಸೆಪ್ಟೆಂಬರ್ ಕೊನೆ, ಇಡೀ ದಡದಲ್ಲಿ ಬಿಳಿ ಬಟ್ಟೆ ತೊಟ್ಟವರು ಇವರೊಬ್ಬರೇ. ಪೆಟ್ಟಿಗೆ, ಬೀಗದಕೈ ಎಲ್ಲ ಏಜೆಂಟರ ಕೈಲಿ, ಮರುದಿನ ಭಾನುವಾರ. ಸೋಮವಾರದವರೆಗೂ ಅದೇ ವೇಷದಲ್ಲಿ ನಾಚಿಕೊಂಡು ಕೂರಬೇಕಾಯ್ತು.

ಆ ನಾಚಿಕೆ ತೀರಿಸಿಕೊಳ್ಳೋಕೆ ಅವರು ಹಿಡಿದ ದಾರಿ ದುಬಾರಿಯದು. ಬೊಂಬಾಯಿಯಲ್ಲಿ ಹೊಲಿಸಿದ ಬಟ್ಟೆ ಬಿಟ್ಟು ಹೊಸದು ಕೊಂಡರು. ಎತ್ತರದ ಹ್ಯಾಟಿಗೆ 19 ಶಿಲಿಂಗ್. ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ ಸಂಜೆಯ ಸೂಟಿಗೆ 10 ಪೌಂಡ್. ಊರಲ್ಲಿದ್ದ ಅಣ್ಣನಿಗೆ ಬರೆದು ಗಡಿಯಾರಕ್ಕೆ ಚಿನ್ನದ ಜೋಡಿ ಸರ ತರಿಸಿಕೊಂಡರು. ದಿನಾ 10 ನಿಮಿಷ ದೊಡ್ಡ ಕನ್ನಡಿಯ ಮುಂದೆ ಟೈ ಸರಿಮಾಡಿಕೊಂಡು ಕ್ರಾಪು ತಿದ್ದೋದು. ಸಾಲ ಮಾಡಿ ಶೂ ಕೊಂಡ ನಮ್ಮ ಮೊದಲ ಸೆಮಿಸ್ಟರ್ ಗೆಳೆಯರಿಗೆ ಇದು ಪರಿಚಿತ ಕಥೆ. ಮೂರು ತಿಂಗಳಲ್ಲಿ ಹುಚ್ಚು ಇಳಿಯಿತು, ಆದರೆ ನೀಟಾಗಿ ಡ್ರೆಸ್ ಮಾಡೋ ಅಭ್ಯಾಸ ವರ್ಷಗಟ್ಟಲೆ ಉಳಿಯಿತು.

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಕೋರ್ಟಿನಲ್ಲಿ ಪೇಟ ತೆಗೆ ಅಂದಾಗ ಒಪ್ಪದೆ ಎದ್ದುಬಂದ ಪ್ರಸಂಗ ಎಲ್ಲ ಪುಸ್ತಕದಲ್ಲೂ ಇದೆ. ನಮಗೆ ಅದಕ್ಕಿಂತ ಇಷ್ಟವಾಗೋದು ಕಾಲರಿನ ಪ್ರಸಂಗ. ಡರ್ಬನ್ನಿನಲ್ಲಿ ವಕೀಲಿಕೆ ಚೆನ್ನಾಗಿ ನಡೀತಿತ್ತು, ಜೊತೆಗೆ ಅಗಸನ ಬಿಲ್ಲೂ ಏರ್ತಿತ್ತು. ಕಾಲರ್ ದಿನಾ ಬದಲಿಸಬೇಕು, ಶರ್ಟು ದಿನ ಬಿಟ್ಟು ದಿನ. ಅಗಸ ಹೊತ್ತಿಗೆ ಸರಿಯಾಗಿ ತಂದುಕೊಡಲ್ಲ, ಎರಡು ಮೂರು ಡಜನ್ ಇದ್ದರೂ ಸಾಲದು. ಒಂದು ಕಾಲರ್ ಒಗೆಸೋ ಖರ್ಚು ಹೆಚ್ಚುಕಡಿಮೆ ಹೊಸ ಕಾಲರಿನ ಬೆಲೆಗೇ ಬಂದು ನಿಲ್ಲುತ್ತೆ ಅಂತ ಲೆಕ್ಕ ಹಾಕಿದರು. ಒಗೆಯೋ ಸಾಮಾನು ತಂದರು, ಒಗೆಯೋದು ಹೇಗೆ ಅಂತ ಒಂದು ಪುಸ್ತಕವನ್ನೂ ತಂದರು! ಓದಿ, ತಾವೂ ಕಲಿತು, ಕಸ್ತೂರಬಾಗೂ ಕಲಿಸಿದರು.

ಮೊದಲ ಪ್ರಯೋಗದ ಫಲಿತಾಂಶ ಹೀಗಿತ್ತು: ಗಂಜಿ ಜಾಸ್ತಿ, ಇಸ್ತ್ರಿಪೆಟ್ಟಿಗೆಗೆ ಕಾವು ಕಡಿಮೆ, ಬಟ್ಟೆ ಸುಟ್ಟೀತು ಅನ್ನೋ ಭಯಕ್ಕೆ ಒತ್ತಿದ್ದೂ ಕಡಿಮೆ. ಕಾಲರ್ ಗಟ್ಟಿಯಾಗಿಯೇ ನಿಂತಿತು, ಆದರೆ ಗಂಜಿ ಪುಡಿಪುಡಿಯಾಗಿ ಉದುರ್ತಾನೇ ಇತ್ತು. ಅದನ್ನೇ ತೊಟ್ಟು ಕೋರ್ಟಿಗೆ ಹೋದರು. ಜೊತೆಯ ಬ್ಯಾರಿಸ್ಟರುಗಳು ನಕ್ಕರು. ಇವರಿಗೆ ಬೇಜಾರಾಗಲಿಲ್ಲ. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ಕೂದಲು ಕತ್ತರಿಸಲ್ಲ ಅಂದಾಗಲೂ ಅಷ್ಟೇ. ಕತ್ತರಿ ಯಂತ್ರ ಕೊಂಡು ಕನ್ನಡಿ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗ ಒಂದಷ್ಟು ಸರಿ ಬಂತು, ಹಿಂಭಾಗ ಹಾಳಾಯಿತು. ತಲೆಗೆ ಇಲಿ ಬಿದ್ದಿತ್ತಾ ಅಂತ ಗೆಳೆಯರು ಕೇಳಿದರು. ನಮ್ಮ ಮಟ್ಟಿಗೆ ಗಾಂಧೀಜಿ ಎಂಜಿನಿಯರ್ ಆಗಿ ಕಾಣೋದು ಇಲ್ಲೇ. ಲ್ಯಾಬಿನಲ್ಲಿ ಮೊದಲ ರೀಡಿಂಗ್ ತಪ್ಪಿದರೆ ಪಕ್ಕದವರದ್ದು ನೋಡಿ ಬರೆಯೋ ಜಾತಿ ಅಲ್ಲ.

ಒಂದು ಮಾತು ಸೇರಿಸಲೇಬೇಕು. ಇದೇ ಗಾಂಧಿ ಹೆಂಡತಿ ಮಕ್ಕಳನ್ನು ಆಫ್ರಿಕಾಕ್ಕೆ ಕರೆತಂದಾಗ, ನಾಗರಿಕರಾಗಿ ಕಾಣಬೇಕು ಅಂತ ಕಸ್ತೂರಬಾಗೆ ಪಾರ್ಸಿ ಶೈಲಿಯ ಸೀರೆ ಉಡಿಸಿ, ಎಲ್ಲರಿಗೂ ಬಲವಂತವಾಗಿ ಬೂಟು ಕಾಲುಚೀಲ ಹಾಕಿಸಿದರು. ಮಕ್ಕಳ ಕಾಲು ಬೆವೆತು ನಾರುತ್ತಿತ್ತು. ಆಮೇಲೆ ಅದನ್ನು ಬಿಡಿಸಿದ್ದೂ ಅವರೇ. ಹಾಕಿದ್ದು ಬಿಟ್ಟಿದ್ದು ಎರಡರಲ್ಲೂ ಮನೆಯವರನ್ನು ಎಷ್ಟು ಕೇಳಿದರೋ ಅನ್ನೋ ಅನುಮಾನ ನಮ್ಮ ಕ್ಲಬ್ಬಿನ ಹುಡುಗಿಯರದ್ದು, ನ್ಯಾಯವಾದದ್ದೇ.

ಸೂಜಿದಾರ ಅವರ ಕೈಗೆ ಚೆನ್ನಾಗಿ ಹತ್ತಿದ್ದು ಜೈಲಿನಲ್ಲಿ. 1909ರಲ್ಲಿ ಪ್ರಿಟೋರಿಯಾ ಜೈಲಿನಲ್ಲಿ ನೆಲದ ಮೇಲೆ ಬಗ್ಗಿ ಕೂತು ಕಂಬಳಿ ಹೊಲಿಯೋ ಕೆಲಸ ಕೊಟ್ಟಿದ್ದರು. ಮರುವರ್ಷ ಗೆಳೆಯ ಕಾಲನ್‌ಬಾಕ್ ಕೊಟ್ಟ 1,100 ಎಕರೆಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯ್ತು. ಅಲ್ಲಿ ಎಲ್ಲರಿಗೂ ಒರಟು ನೀಲಿ ಬಟ್ಟೆಯ ಅಗ್ಗದ ಪ್ಯಾಂಟು ಶರ್ಟು, ಕೈದಿಗಳ ಉಡುಪನ್ನೇ ನೋಡಿ ಮಾಡಿದ್ದು. ಹೊಲಿಗೆ ವಿಭಾಗ ಹೆಂಗಸರ ಕೈಲಿ. ಗಾಂಧೀಜಿ ಚಪ್ಪಲಿ ಹೊಲಿಯೋದನ್ನೂ ಕಲಿತರು. 1913ರ ಕೊನೆಯಲ್ಲಿ, ಮುಷ್ಕರ ಹೂಡಿದ್ದ ಭಾರತೀಯ ಕೂಲಿಗಳ ಮೇಲೆ ಗುಂಡು ಹಾರಿದ ಮೇಲೆ, ತಲೆ ಬೋಳಿಸಿಕೊಂಡು ಕೂಲಿಗಳ ಹಾಗೇ ಬಿಳಿ ಬಟ್ಟೆಯುಟ್ಟು ಬರಿಗಾಲಲ್ಲಿ ಸಭೆಗೆ ಬಂದರು. ಸೂಟಿನ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

1915ರ ಜನವರಿ 9ರಂದು ಬೊಂಬಾಯಿಯಲ್ಲಿ ಇಳಿದದ್ದು ಕಾಠಿಯಾವಾಡಿ ವೇಷದಲ್ಲಿ: ಪಂಚೆ, ಅಂಗಿ, ನಿಲುವಂಗಿ, ಪೇಟ, ಉತ್ತರೀಯ. ಥರ್ಡ್ ಕ್ಲಾಸ್ ರೈಲಿನ ನೂಕುನುಗ್ಗಲಲ್ಲಿ ನಿಲುವಂಗಿ, ಉತ್ತರೀಯ ಎಲ್ಲ ಹೊರೆ ಅನಿಸಿತು. ಅವನ್ನು ಕಳಚಿ, ಎಂಟು ಹತ್ತು ಆಣೆಯ ಕಾಶ್ಮೀರಿ ಟೋಪಿ ಕೊಂಡರು. ನಾವು ಗಾಂಧಿ ಟೋಪಿ ಅನ್ನೋದು ಹುಟ್ಟಿದ್ದು ಈ ಟೋಪಿಯಿಂದ. ಬೇರೆ ಬೇರೆ ಪ್ರಾಂತ್ಯದ ಟೋಪಿಗಳನ್ನು ಅವರು ಹೇಗೆ ತೂಗಿ ನೋಡಿದರು ಅಂತ ಕಾಕಾ ಕಾಲೇಲ್ಕರ್ ದಾಖಲಿಸಿದ್ದಾರೆ. ಪೇಟಕ್ಕೆ ಬಟ್ಟೆ ಜಾಸ್ತಿ ಬೇಕು. ಕಪ್ಪು ಟೋಪಿಯಲ್ಲಿ ಬೆವರಿನ ಕೊಳೆ ಕಾಣಲ್ಲ, ಹಾಗಾಗಿ ಯಾರೂ ಒಗೆಯಲ್ಲ. ಕಾಶ್ಮೀರಿ ಟೋಪಿ ಹಗುರ, ಮಡಚಿದರೆ ಜೇಬಿಗೆ ಹೋಗುತ್ತೆ, ಹೊಲಿಯೋದೂ ಸುಲಭ, ಆದರೆ ಉಣ್ಣೆಯದು. ಸರಿ, ಹತ್ತಿಯಲ್ಲಿ ಮಾಡೋಣ. ಬಣ್ಣ ಬಿಳಿ ಇರಲಿ, ಕೊಳೆಯಾದರೆ ಕಾಣಬೇಕು, ಕಂಡರೆ ಒಗೀತಾರೆ. ಡಿಸೈನ್ ಥಿಂಕಿಂಗ್ ಅಂತ ನಮಗೆ ಒಂದಿಡೀ ಸೆಮಿಸ್ಟರ್ ಸ್ಲೈಡ್ ತೋರಿಸ್ತಾರಲ್ಲ, ಅದರ ಮೊದಲ ಯೂನಿಟ್ ಈ ಟೋಪಿಯಲ್ಲೇ ಮುಗಿಯುತ್ತೆ.

ಬಟ್ಟೆ ವಿಷಯದಲ್ಲಿ ಅವರನ್ನು ಛೇಡಿಸಿದವರೂ ಇದ್ದರು. 1917ರಲ್ಲಿ ಚಂಪಾರಣದ ನೀಲಿ ಬೆಳೆಗಾರರ ಪೈಕಿ ಅರ್ವಿನ್ ಎಂಬಾತ ಪತ್ರಿಕೆಯಲ್ಲಿ ಇವರ ವೇಷದ ಬಗ್ಗೆ ಚುಚ್ಚಿ ಬರೆದ. ಗಾಂಧೀಜಿ ಪಯೋನಿಯರ್ ಪತ್ರಿಕೆಗೆ ಉತ್ತರ ಬರೆದರು. ನಮ್ಮ ಹವೆಗೆ ಹೊಂದೋದು, ಸರಳ, ಅಗ್ಗ ಅನ್ನೋ ಕಾರಣಕ್ಕೇ ಈ ಉಡುಪು, ಜೊತೆಗೆ ತಾವು ತೊಡೋದೆಲ್ಲ ತಾವೋ ತಮ್ಮ ಸಂಗಡಿಗರೋ ಕೈಯಲ್ಲೇ ನೇಯ್ದು ಕೈಯಲ್ಲೇ ಹೊಲಿದದ್ದು ಅಂತ ಅದರಲ್ಲಿ ತಿಳಿಸಿದರು.

ಕೈಹೊಲಿಗೆಯ ಅಂಗಿ ಅಂದ್ರೆ ಭಾರೀ ವಿದ್ಯೆ ಅಂದ್ಕೋಬೇಡಿ. ಹಳೇ ಮಾದರಿಯ ಜುಬ್ಬದಲ್ಲಿ ಹೆಚ್ಚಿನ ತುಂಡುಗಳೆಲ್ಲ ಆಯತಗಳೇ: ಮುಂದೊಂದು ಹಿಂದೊಂದು, ಎರಡು ತೋಳು, ಕೈ ಎತ್ತಿದಾಗ ಹಿಡಿಯದ ಹಾಗೆ ಕಂಕುಳಲ್ಲಿ ಒಂದೊಂದು ಚೌಕ ತುಂಡು. ನೇರ ಗೆರೆಯಲ್ಲೇ ಕತ್ತರಿಸೋದ್ರಿಂದ ಬಟ್ಟೆ ಹಾಳಾಗಲ್ಲ, ಸಡಿಲವಾಗಿರೋದ್ರಿಂದ ಗಾಳಿ ಆಡುತ್ತೆ, ಅಳತೆ ಒಂದಿಂಚು ಆಚೀಚೆ ಆದರೂ ನಡೆಯುತ್ತೆ. ಹಾಸ್ಟೆಲ್ ರೂಮಿನಲ್ಲಿ ಸೂಜಿ, ದಾರ, ಕತ್ತರಿ, ಟೇಪು ಇದ್ದರೆ ಎರಡು ಭಾನುವಾರದ ಕೆಲಸ. ಕೋರಾ ಹತ್ತಿಬಟ್ಟೆಯನ್ನು ಕತ್ತರಿಸೋ ಮೊದಲು ನೆನೆಸಿ ಒಗೆದು ಒಣಗಿಸಿ, ಇಲ್ಲಾಂದ್ರೆ ಹೊಲಿದಮೇಲೆ ಕುಗ್ಗುತ್ತೆ.

ಅದೇ ಚಂಪಾರಣದ ಭಿತಿಹರವಾ ಊರಲ್ಲಿ ಹೆಂಗಸರ ಸೀರೆ ಕೊಳೆಯಾಗಿರೋದನ್ನು ನೋಡಿ, ಒಗೆದು ಉಡೋಕೆ ಹೇಳು ಅಂತ ಗಾಂಧೀಜಿ ಕಸ್ತೂರಬಾರನ್ನು ಕಳಿಸಿದರು. ಒಬ್ಬ ಹೆಂಗಸು ಬಾ ಅವರನ್ನು ಗುಡಿಸಲೊಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಪೆಟ್ಟಿಗೆ ಇಲ್ಲ, ಕಪಾಟಿಲ್ಲ. ಮೈಮೇಲಿದ್ದ ಸೀರೆಯೊಂದೇ ಅವಳ ಬಳಿ ಇದ್ದದ್ದು. ಅದನ್ನು ಒಗೆಯೋಕೆ ಹಾಕಿ ಅವಳು ಏನು ಉಡಬೇಕು?

ಇಲ್ಲಿಂದ ಮುಂದೆ ಅವರ ತಲೆ ತಿಂದದ್ದು ಗಜಕ್ಕೆ ಎಷ್ಟು ಅನ್ನೋ ಪ್ರಶ್ನೆ. ತಮಾಷೆ ಏನಂದ್ರೆ, 1909ರಲ್ಲಿ ಹಿಂದ್ ಸ್ವರಾಜ್ ಬರೆಯುವಾಗ ಅವರು ರಾಟೆಯನ್ನಾಗಲಿ ಕೈಮಗ್ಗವನ್ನಾಗಲಿ ನೋಡಿದ ನೆನಪೇ ಅವರಿಗಿರಲಿಲ್ಲ. ಸಾಬರಮತಿಯಲ್ಲಿ ಮೊದಲು ಮಗ್ಗ ಬಂತು, ನೂಲು ಮಾತ್ರ ಗಿರಣಿಯದು. ರಾಟೆ ಎಲ್ಲೂ ಸಿಗಲಿಲ್ಲ. ಕೊನೆಗೆ ಗಂಗಾಬೆನ್ ಮಜುಂದಾರ್ ಎಂಬ ಧೀರ ಹೆಂಗಸು ಊರೂರು ಅಲೆದು ವಿಜಾಪುರದಲ್ಲಿ, ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆಹಚ್ಚಿದರು. ಆಶ್ರಮದ ಮೊದಲ ಖಾದಿಗೆ ಬಿದ್ದ ಖರ್ಚು ಗಜಕ್ಕೆ 17 ಆಣೆ. ಪನ್ನಾ ಬರೀ 30 ಇಂಚು, ಪಂಚೆಗೆ ಸಾಲದು. ಒಂದು ತಿಂಗಳೊಳಗೆ 45 ಇಂಚಿನ ಪಂಚೆ ಕೊಡದಿದ್ದರೆ ಗಿಡ್ಡ ಪಂಚೆಯನ್ನೇ ಉಡ್ತೀನಿ ಅಂತ ಗಾಂಧೀಜಿ ಗಂಗಾಬೆನ್‌ಗೆ ನೋಟಿಸ್ ಕೊಟ್ಟರು. ಆಕೆ ತಿಂಗಳ ಒಳಗೇ ಒಂದು ಜೊತೆ ಕಳಿಸಿಕೊಟ್ಟರು.

ಆದರೆ 17 ಆಣೆ ಕಡಿಮೆ ದುಡ್ಡಲ್ಲ. 1921ರ ಸೆಪ್ಟೆಂಬರಿನಲ್ಲಿ ಮದರಾಸಿನಿಂದ ಮಧುರೆಗೆ ರೈಲಿನಲ್ಲಿ ಹೋಗುವಾಗ, ವಿದೇಶಿ ಬಟ್ಟೆ ತೊಟ್ಟಿದ್ದ ಸಹಪ್ರಯಾಣಿಕರಿಗೆ ಖಾದಿ ಹಾಕಿ ಅಂತ ಹೇಳಿದರು. ನಾವು ಬಡವರು, ಖಾದಿ ದುಬಾರಿ, ಎಲ್ಲಿಂದ ತರೋಣ ಅಂತ ಅವರು ತಲೆಯಾಡಿಸಿದರು. ಗಾಂಧೀಜಿ ಮೈಮೇಲೆ ಅಂಗಿ, ಟೋಪಿ, ಉದ್ದನೆಯ ಪಂಚೆ ಎಲ್ಲ ಇತ್ತು. ಆ ಮಾತಿಗೆ ಅವರ ಬಳಿ ಉತ್ತರ ಇರಲಿಲ್ಲ. ದರ ಇಳಿಸೋದು ಆ ಹೊತ್ತಿಗೆ ಆಗದ ಕೆಲಸ. ಹಾಗಾದರೆ ಗಜ ಇಳಿಸಬೇಕು. ಸೆಪ್ಟೆಂಬರ್ 22ರ ಬೆಳಿಗ್ಗೆ ಮಧುರೆಯಲ್ಲಿ ಅಂಗಿ ಟೋಪಿ ಬಿಟ್ಟು ಮೊಣಕಾಲ ಮೇಲಿನ ತುಂಡು ಪಂಚೆ ಉಟ್ಟು ಹೊರಬಂದರು. ಬೇಕಾದರೆ ಮೇಲೊಂದು ಚಾದರ. ಮೊದಲು ಹೇಳಿದ್ದು ಅಕ್ಟೋಬರ್ 31ರ ತನಕ ಅಂತ ಮಾತ್ರ. ಅದು ಸಾಯೋ ತನಕ ನಡೆಯಿತು. ತಮ್ಮ ಹೆಸರಿನ ಟೋಪಿಯನ್ನು ದೇಶವೆಲ್ಲ ಹಾಕಿಕೊಂಡಿತು, ಅವರು ಮಾತ್ರ ಹಾಕಲಿಲ್ಲ.

ಈ ಪರಿಹಾರ ಗಂಡಸರಿಗೆ ಮಾತ್ರ ಸಾಧ್ಯ ಅನ್ನೋದನ್ನ ನಾವು ಮರೆಯಬಾರದು. ಭಿತಿಹರವಾದ ಆ ಹೆಂಗಸು ಗಜ ಕಡಿಮೆ ಮಾಡೋ ಹಾಗಿರಲಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದು ಸೀರೆ, ಅಂದ್ರೆ ಅಗ್ಗದ ನೂಲು. ಅದಕ್ಕೇ 1929ರ ಘೋಷಣೆ ನಮಗೆ ಮುಖ್ಯ. ಒಳ್ಳೆಯ ರಾಟೆ ಮಾಡಿಕೊಟ್ಟವರಿಗೆ ಅಖಿಲ ಭಾರತ ಚರಕಾ ಸಂಘದಿಂದ 1 ಲಕ್ಷ ರೂಪಾಯಿ ಬಹುಮಾನ! ಷರತ್ತುಗಳೂ ಇದ್ದವು. ಗುಡಿಸಲಿನಲ್ಲಿ ಇಡುವಂತಿರಬೇಕು, ಕೈಯಿಂದಲೋ ಕಾಲಿನಿಂದಲೋ ನಡೀಬೇಕು, ಹೆಂಗಸೊಬ್ಬಳು 8 ಗಂಟೆ ಅತಿಯಾಗಿ ದಣಿಯದೆ ನಡೆಸುವಂತಿರಬೇಕು, 150 ರೂಪಾಯಿ ದಾಟಬಾರದು, 20 ವರ್ಷ ಬಾಳಬೇಕು. ಎಲ್ಲ ಷರತ್ತೂ ಪೂರೈಸಿದ ಯಂತ್ರ ಬರಲಿಲ್ಲ, ಬಹುಮಾನ ಯಾರಿಗೂ ಸಿಗಲಿಲ್ಲ. ಮರುವರ್ಷ ಯರವಡಾ ಜೈಲಿನಲ್ಲಿ ಅವರೇ ಕೂತು, ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ರಾಟೆಯನ್ನು ತಿದ್ದಿ ಸುಧಾರಿಸಿದರು.

ಯಂತ್ರ ಅಂದ್ರೆ ಅವರಿಗೆ ಆಗ್ತಿರಲಿಲ್ಲ ಅನ್ನೋರಿಗೆ ಇನ್ನೊಂದು ವಿಷಯ. 1924ರಲ್ಲಿ ಜಿ. ರಾಮಚಂದ್ರನ್ ಎಂಬ ಯುವಕ ಇದನ್ನೇ ಕೇಳಿದಾಗ, ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಅಂದರು. ಹೆಂಡತಿ ಹೊಲಿದು ಹೊಲಿದು ಸುಸ್ತಾಗೋದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಅನ್ನೋ ಕಥೆಯನ್ನು ಅವರು ನಂಬಿದ್ದರು. ಇತಿಹಾಸದ ಪ್ರಕಾರ ಸಿಂಗರ್‌ಗೆ ಇದ್ದದ್ದು ಅಪ್ಪಟ ವ್ಯಾಪಾರದ ಬುದ್ಧಿ. ಅವನ 1851ರ ಪೇಟೆಂಟಿಗೂ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. ಕಥೆ ಸುಳ್ಳಾದರೂ, ಮನೆಯಲ್ಲಿ ಕೂತವರ ದುಡಿಮೆ ಹಗುರ ಮಾಡೋ ಯಂತ್ರ ಬೇಕು ಅನ್ನೋ ಅವರ ಆಯ್ಕೆ ಸರಿಯಾಗಿಯೇ ಇತ್ತು ಅಂತ ನಮಗನಿಸುತ್ತೆ.

1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲೂ ಆಮೇಲೆ ಬೆಂಗಳೂರಿನಲ್ಲೂ ತಂಗಿದ್ದರು. ಆಗ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನವೂ ನಡೆಯಿತು, ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಗಿ ವಿದ್ಯಾರ್ಥಿಗಳ ಜೊತೆ ಮಾತಾಡಿ ಬಂದರು. 1931ರಲ್ಲಿ ಲಂಡನ್ನಿಗೆ ಹೋದಾಗ ಅದೇ ತುಂಡು ಪಂಚೆ, ಚಾದರದಲ್ಲಿ ಅರಮನೆಯಲ್ಲಿ ದೊರೆಯನ್ನು ಕಂಡರು. ಬಹಿಷ್ಕಾರದಿಂದ ಕೆಲಸ ಕಳಕೊಂಡಿದ್ದ ಲ್ಯಾಂಕಶೈರಿನ ಗಿರಣಿ ಕಾರ್ಮಿಕರನ್ನೂ ಅವರ ಊರಿಗೇ ಹೋಗಿ ಮಾತಾಡಿಸಿದರು.

1947ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆ. ಕೊಡೋಕೆ ಅವರ ಬಳಿ ಏನೂ ಇರಲಿಲ್ಲ. ತಾವೇ ನೂತ ನೂಲಿನಿಂದ ಹೆಣೆದ ಒಂದು ಚಿಕ್ಕ ಬಟ್ಟೆಯನ್ನು ಕಳಿಸಿದರು. ಮದುವೆಯ ಉಡುಗೊರೆಗಳ ಮಧ್ಯೆ ಅದನ್ನು ಕಂಡ ಮುದಿ ರಾಣಿ ಮೇರಿ, ಇದು ಗಾಂಧಿಯ ಪಂಚೆಯೇ ಇರಬೇಕು ಅಂದುಕೊಂಡು ಮುಖ ಸಿಂಡರಿಸಿದರಂತೆ. ಅದಾಗಿ ಎರಡು ತಿಂಗಳು ಕಳೆದು, 1948ರ ಜನವರಿ 30ರ ಸಂಜೆ, ದೆಹಲಿಯಲ್ಲಿ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಗುಂಡು ಬಿತ್ತು. ಆಗಲೂ ಮೈಮೇಲಿದ್ದದ್ದು ಪಂಚೆ, ಚಾದರ.