ಬಾಗಿಲು ತೆರೆದವರೇ ಹೊರಗೆ ನಿಂತಾಗ: ಗ್ಯಾರಿ ಗೈಗ್ಯಾಕ್ಸ್ ಬದುಕಿನ ಪಾಠ

1970ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ ಐದು ಮಕ್ಕಳ ತಂದೆಯೊಬ್ಬರು ಇನ್ಶೂರೆನ್ಸ್ ಕಂಪನಿಯ ಕೆಲಸ ಕಳೆದುಕೊಂಡರು. ಓದು ಹೈಸ್ಕೂಲಿನಲ್ಲೇ ನಿಂತಿತ್ತು. ಹೊಟ್ಟೆಪಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಶೂ ರಿಪೇರಿ ಶುರು ಮಾಡಿದರು. ಮಿಕ್ಕ ಹೊತ್ತೆಲ್ಲ ಯುದ್ಧದ ಆಟಗಳಿಗೆ ನಿಯಮ ಬರೆಯೋದೇ ಕೆಲಸ. ಅವರೇ ಗ್ಯಾರಿ ಗೈಗ್ಯಾಕ್ಸ್. ನಾಲ್ಕು ವರ್ಷದ ನಂತರ ಡೇವ್ ಆರ್ನೆಸನ್ ಜೊತೆ ಸೇರಿ ಅವರು ಹೊರತಂದ ಆಟವೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಹುಡುಗರು ಮೇಜಿನ ಸುತ್ತ ಕೂತು ಆಡೋದು ಇದನ್ನೇ.

ಗೈಗ್ಯಾಕ್ಸ್ ಹುಟ್ಟಿದ್ದು 1938ರಲ್ಲಿ, ಶಿಕಾಗೋದಲ್ಲಿ. ತಂದೆ ಸ್ವಿಟ್ಜರ್ಲೆಂಡ್‌ನಿಂದ ವಲಸೆ ಬಂದ ಪಿಟೀಲು ವಾದಕ. 1968ರಲ್ಲಿ ಗೈಗ್ಯಾಕ್ಸ್ ತಮ್ಮೂರಿನ ಒಂದು ಸಭಾಂಗಣವನ್ನು ಬಾಡಿಗೆಗೆ ಹಿಡಿದು ಆಟಗಾರರ ಸಮಾವೇಶ ನಡೆಸಿದರು. ಅದೇ ಇವತ್ತಿನ ಬೃಹತ್ ‘ಜೆನ್ ಕಾನ್’. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಟಿಎಸ್‌ಆರ್ ಎಂಬ ಕಂಪನಿ ಕಟ್ಟಿದರು. ಮರುವರ್ಷ ಆಟದ ಒಂದು ಸಾವಿರ ಪ್ರತಿ ಅಚ್ಚಾಯಿತು. ಒಂದು ಡಬ್ಬಿಯಲ್ಲಿ ಮೂರು ತೆಳು ಪುಸ್ತಕ, ಬೆಲೆ 10 ಡಾಲರ್. ಡಬ್ಬಿಗಳನ್ನು ಮನೆಯಲ್ಲೇ ಕೂತು ಕೈಯಿಂದ ಜೋಡಿಸಿದರು.

ಕಲ್ಪನೆ ಯಾರಪ್ಪನ ಆಸ್ತಿ?

ಈ ಆಟಕ್ಕೆ ಮಣೆ ಬೇಕಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಏಳುಬೀಳನ್ನು ದಾಳ ತೀರ್ಮಾನಿಸುತ್ತೆ. ಕಾಡು, ಕೋಟೆ, ರಾಕ್ಷಸರನ್ನೆಲ್ಲ ಆಡುವವರೇ ಕಟ್ಟಬೇಕು. ಹಾಗಾದ್ರೆ ಹಾಗೆ ಕಟ್ಟಿದ್ದನ್ನು ಬೇರೆಯವರು ಅಚ್ಚು ಹಾಕಿಸಿ ಮಾರಬಹುದಾ?

ಮೊದಲ ಆವೃತ್ತಿಯ ಕೊನೆಯಲ್ಲಿ ಇದ್ದ ಧಾಟಿ ತುಂಬ ಉದಾರವಾದದ್ದು. ನಿಯಮದ ಬಗ್ಗೆ ಅನುಮಾನ ಬಂದರೆ ನಿಮಗೆ ಸರಿ ಕಂಡಂತೆ ತೀರ್ಮಾನಿಸಿ, ನಿಮ್ಮ ಪಾಲಿನ ಕಲ್ಪನೆಯನ್ನು ನಾವೇಕೆ ಮಾಡಿಕೊಡಬೇಕು ಅನ್ನೋದು ಅದರ ಸಾರ. ಓದುಗರು ಕಾಗದ ಬರೆದು ತಮ್ಮ ಹೊಸ ಯೋಚನೆಗಳನ್ನು ಹಂಚಿಕೊಳ್ಳಲಿ ಎಂಬ ಆಹ್ವಾನವೂ ಇತ್ತು. ಗಿರಾಕಿಯನ್ನು ಜೊತೆಗಾರನಂತೆ ಕಾಣುವ ಮರ್ಯಾದೆ ಅದು.

1976ರಲ್ಲಿ ಇಲಿನಾಯ್ ರಾಜ್ಯದ ಬಾಬ್ ಬ್ಲೆಡ್ಸಾ ಮತ್ತು ಬಿಲ್ ಓವನ್ ತಾವು ರಚಿಸಿದ ಊರುಗಳ ನಕ್ಷೆ ಹಿಡಿದು ಟಿಎಸ್‌ಆರ್ ಬಾಗಿಲಿಗೆ ಬಂದರು. ಅವರಿಗೆ ಮೊದಲು ಸಿಕ್ಕಿದ್ದು ಬಾಯಿಮಾತಿನ ಒಪ್ಪಿಗೆ, ಆಮೇಲೆ ಲೈಸೆನ್ಸ್. ಸಿದ್ಧ ಊರು, ಸಿದ್ಧ ಕಥೆಯನ್ನು ಕಾಸು ಕೊಟ್ಟು ಯಾರು ತಗೋತಾರೆ ಅನ್ನೋದು ಟಿಎಸ್‌ಆರ್ ಲೆಕ್ಕವಾಗಿತ್ತು. ಆದರೆ ಅವರ ‘ಜಡ್ಜಸ್ ಗಿಲ್ಡ್’ ಚೆನ್ನಾಗಿಯೇ ವ್ಯಾಪಾರ ಮಾಡಿತು. ಈ ಹವ್ಯಾಸದಲ್ಲಿ ಮೂಲ ಕಂಪನಿಯ ಹೊರಗಿನವರು ಪುಸ್ತಕ ತರುವ ಪದ್ಧತಿ ಬೇರೂರಿದ್ದು ಹೀಗೆ.

ಬೇಲಿ ಎದ್ದಿತು

ದುಡ್ಡು ಬಂದ ಹಾಗೆ ಮಾತೂ ಬದಲಾಯಿತು. ಆಟದ ‘ಅಡ್ವಾನ್ಸ್ಡ್’ ಆವೃತ್ತಿ ಬಂದಾಗ, ಎಲ್ಲೆಡೆ ಒಂದೇ ನಿಯಮ ಇರಬೇಕು, ಬದಲಾಯಿಸಿ ಆಡುವವರು ಆಡೋದು ಈ ಆಟವನ್ನೇ ಅಲ್ಲ ಅಂತ ಗೈಗ್ಯಾಕ್ಸ್ ವಾದಿಸತೊಡಗಿದರು. ರಾಯಲ್ಟಿ ಸಿಗದ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು. ಅದು 1981ರಲ್ಲಿ ರಾಜಿಯಾಯಿತು. ಜಡ್ಜಸ್ ಗಿಲ್ಡ್‌ನ ಲೈಸೆನ್ಸ್ 1982ರ ಹೊತ್ತಿಗೆ ಕೈತಪ್ಪಿತು.

ಗೈಗ್ಯಾಕ್ಸ್ ಕೂಡ ಸಾಲ ತಂದವರೇ ಎಂಬುದನ್ನು ಮರೆಯಬಾರದು. ಅವರ ಆಟದಲ್ಲಿ ಟೋಲ್ಕಿನ್‌ನ ಹಾಬಿಟ್‌ಗಳಿದ್ದವು. ಅದರ ಹಕ್ಕುದಾರರು 1977ರಲ್ಲಿ ತಕರಾರು ಎತ್ತಿದ ಮೇಲೆ ಹಾಬಿಟ್‌ಗಳು ‘ಹಾಫ್ಲಿಂಗ್’ ಆದರು. ಬೇರೆಯವರ ಹಿತ್ತಲಿನ ಹೂವಿನಿಂದ ಕಟ್ಟಿದ ಮಾಲೆಯನ್ನು ಇನ್ಯಾರೂ ಮುಟ್ಟಬಾರದು ಅಂದರೆ ನ್ಯಾಯವೇ?

1985ರಲ್ಲಿ ಷೇರುಗಳ ಜಗಳದಲ್ಲಿ ಗೈಗ್ಯಾಕ್ಸ್ ತಮ್ಮದೇ ಕಂಪನಿಯ ಹಿಡಿತ ಕಳೆದುಕೊಂಡರು. ಲೊರೇನ್ ವಿಲಿಯಮ್ಸ್ ಅದರ ಯಜಮಾನಿಯಾದರು. ಗೈಗ್ಯಾಕ್ಸ್ 1992ರಲ್ಲಿ ಇನ್ನೊಂದು ಪ್ರಕಾಶನದ ಮೂಲಕ ‘ಡೇಂಜರಸ್ ಜರ್ನೀಸ್’ ಎಂಬ ಹೊಸ ಆಟ ತಂದಾಗ ಟಿಎಸ್‌ಆರ್ ಅವರ ಮೇಲೇ ದಾವೆ ಹೂಡಿತು. 1994ರಲ್ಲಿ ರಾಜಿಯಾಗಿ, ಆ ಆಟದ ಹಕ್ಕು ಕೊಂಡುಕೊಂಡು ಮೂಲೆಗೆ ತಳ್ಳಿತು. ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಹಂಚಿಕೊಂಡಿದ್ದನ್ನೂ ತೆಗೆಸುತ್ತಿದ್ದ ಕಾಲ ಅದು. ಬೇಲಿಗೆ ಮೊದಲ ಗೂಟ ಹೊಡೆದವರಲ್ಲಿ ಒಬ್ಬರು ಈಗ ಬೇಲಿಯ ಹೊರಗಿದ್ದರು.

ಬಾಯಿಮಾತಿನಿಂದ ಕಾಗದಕ್ಕೆ

1997ರಲ್ಲಿ ಟಿಎಸ್‌ಆರ್ ಅನ್ನು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಕೊಂಡುಕೊಂಡಿತು. 2000ದಲ್ಲಿ ಆ ಕಂಪನಿ ಮುಕ್ತ ಲೈಸೆನ್ಸ್ ಒಂದನ್ನು ತಂದು, ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಮಾಡಿ ಮಾರಬಹುದು ಎಂದು ಕಾಗದದ ಮೇಲೆ ಬರೆದುಕೊಟ್ಟಿತು. ಸಣ್ಣ ಪ್ರಕಾಶಕರ ದೊಡ್ಡ ದಂಡೇ ಹುಟ್ಟಿತು. ಅದರ ನೆರಳಿನಲ್ಲಿ ಗೈಗ್ಯಾಕ್ಸ್ ಕೂಡ ಬರೆದರು. ತಮ್ಮ ಮನೆಯ ಆಟದಲ್ಲಿ ದಶಕಗಳ ಹಿಂದೆ ಕಟ್ಟಿದ ‘ಕ್ಯಾಸಲ್ ಗ್ರೇಹಾಕ್’ ಎಂಬ ಕೋಟೆಯನ್ನು ಅಚ್ಚಿಗೆ ತರಲು ಹೊರಟರೆ, ಆ ಹೆಸರು ಕಂಪನಿಯ ಸ್ವತ್ತು! 2005ರಲ್ಲಿ ಅದರ ಮೊದಲ ಭಾಗ ಬಂದಿದ್ದು ‘ಕ್ಯಾಸಲ್ ಝಾಗಿಗ್’ ಎಂಬ ಹೆಸರಲ್ಲಿ. ಅದು ಹೆಚ್ಚುಕಮ್ಮಿ ಅವರದೇ ಹೆಸರನ್ನು ತಿರುಗುಮುರುಗು ಮಾಡಿದ್ದು.

ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಹಳೆಯ ಗೈಗ್ಯಾಕ್ಸ್ ಆಗಿದ್ದರು. ಗುರುತಿಲ್ಲದವರ ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರಿಸುತ್ತಿದ್ದರು, ಮನೆಯ ವರಾಂಡದಲ್ಲಿ ಕೂರಿಸಿಕೊಂಡು ಆಡಿಸುತ್ತಿದ್ದರು. 2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲೇ, 69ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಸೌಜನ್ಯ ನಿಜವಾದದ್ದೇ. ಅವರ ಗದರಿಕೆಯೂ ನಿಜವೇ. ಅದಕ್ಕೇ ಯಜಮಾನರ ಒಳ್ಳೆಯತನವನ್ನು ನಂಬಿ ಯಾರೂ ಬದುಕು ಕಟ್ಟಿಕೊಳ್ಳಬಾರದು. ಮೂಡ್ ಕೆಟ್ಟರೆ, ಷೇರು ಕೈ ಬದಲಾದರೆ ಸೌಜನ್ಯ ಹೋಗುತ್ತೆ. ಹೋಗದೆ ಉಳಿಯೋದು ಹಕ್ಕು ಮಾತ್ರ. ಬರೆದುಕೊಟ್ಟ ಹಕ್ಕನ್ನೂ ಕಾಯಬೇಕಾಗುತ್ತೆ ಅನ್ನೋದು 2023ರ ಜನವರಿಯಲ್ಲಿ ಗೊತ್ತಾಯಿತು. ಹಳೆಯ ಲೈಸೆನ್ಸ್ ರದ್ದು ಮಾಡಿ, ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ವಹಿವಾಟಿನ ಮೇಲೆ ಶೇ. 25ರವರೆಗೆ ರಾಯಲ್ಟಿ ಕೇಳುವ ಕರಡು ಸೋರಿಕೆಯಾಯಿತು. ಆಟಗಾರರು ರೊಚ್ಚಿಗೆದ್ದರು, ಕಂಪನಿಯ ಚಂದಾ ರದ್ದು ಮಾಡಿದರು. ತಿಂಗಳು ಮುಗಿಯುವಷ್ಟರಲ್ಲಿ ಕಂಪನಿ ಹಿಂದೆ ಸರಿಯಿತು. ಮೂಲ ನಿಯಮಗಳನ್ನು ವಾಪಸ್ ಪಡೆಯಲಾಗದ ‘ಕ್ರಿಯೇಟಿವ್ ಕಾಮನ್ಸ್’ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತು.

ಆ ತೆಳು ಪುಸ್ತಕದ ಕೊನೆಯ ಪುಟದಲ್ಲಿ ಗೈಗ್ಯಾಕ್ಸ್ ಔದಾರ್ಯದಿಂದ ಕೊಟ್ಟಿದ್ದನ್ನು 49 ವರ್ಷದ ನಂತರ ಆಟಗಾರರು ಜಗಳ ಮಾಡಿ ತಮ್ಮದಾಗಿಸಿಕೊಂಡರು.