ಮೈಕಿನ ಅಜ್ಜ ಎಮಿಲ್ ಬರ್ಲಿನರ್

ಧ್ವಜಾರೋಹಣದ ದಿನ ಮೈಕು ಕುಂಯ್ ಅಂದರೆ ನಾವೆಲ್ಲ ನಗುತ್ತೇವೆ. ಆದರೆ ಮೈಕಿನ ಅಜ್ಜ ಎನ್ನಬಹುದಾದ ಎಮಿಲ್ ಬರ್ಲಿನರ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತುಂಟು? ಎಡಿಸನ್, ಗ್ರಹಾಂ ಬೆಲ್ ಎಲ್ಲರ ಬಾಯಲ್ಲಿ ಉಂಟು, ಇವರು ಇಲ್ಲ. ಅದಕ್ಕೇ ಈ ಸಲ ನಾನು ಇವರ ಜೀವನ ಬರೆಯುತ್ತಿದ್ದೇನೆ.

ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಜರ್ಮನಿಯ ಹ್ಯಾನೋವರ್ ಪಟ್ಟಣದ ಒಂದು ಯಹೂದಿ ಕುಟುಂಬದಲ್ಲಿ. ಮನೆ ತುಂಬ ಮಕ್ಕಳು. 14ನೇ ವಯಸ್ಸಿಗೇ ಶಾಲೆ ಮುಗಿಯಿತು, ಅಂದರೆ ನಮ್ಮ ಒಂಬತ್ತನೇ ಕ್ಲಾಸಿನವರ ಪ್ರಾಯ. 1870ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ವಾಷಿಂಗ್ಟನ್ನಿನಲ್ಲಿ ಅಂಗಡಿ ಗುಮಾಸ್ತೆ, ನ್ಯೂಯಾರ್ಕಿನಲ್ಲಿ ಒಂದು ಪ್ರಯೋಗಶಾಲೆಯ ಬಾಟಲಿ ತೊಳೆಯುವವ. ರಾತ್ರಿ ಹೊತ್ತು ಕೂಪರ್ ಯೂನಿಯನ್ ಎಂಬ ಸಂಸ್ಥೆಯಲ್ಲಿ ಓದು.

1876ರಲ್ಲಿ ಬೆಲ್ ಟೆಲಿಫೋನು ಮಾಡಿದರು. ಆದರೆ ಅದರಲ್ಲಿ ಮಾತಾಡಿದ್ದು ದೂರಕ್ಕೆ ಸರಿಯಾಗಿ ಕೇಳುತ್ತಿರಲಿಲ್ಲ. ಅದೇ ಸಮಯದಲ್ಲಿ ಒಬ್ಬ ಟೆಲಿಗ್ರಾಫಿನವರು ಬರ್ಲಿನರಿಗೆ ಒಂದು ಗುಟ್ಟು ಹೇಳಿಕೊಟ್ಟರಂತೆ. ಕೀಲಿಯನ್ನು ಗಟ್ಟಿಯಾಗಿ ಒತ್ತಿದರೆ ಹೆಚ್ಚು ವಿದ್ಯುತ್ ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ಕಡಿಮೆ. ಹಾಗಾದರೆ ಆ ಒತ್ತುವ ಕೆಲಸವನ್ನು ನಮ್ಮ ಸ್ವರವೇ ಮಾಡಿದರೆ ಹೇಗೆ? ಒಂದು ಸೋಪಿನ ಪೆಟ್ಟಿಗೆಗೆ ತೆಳು ಕಬ್ಬಿಣದ ತಗಡು ಕೂರಿಸಿ, ಅದಕ್ಕೆ ಒಂದು ಗುಂಡಿ ತಾಗಿಯೂ ತಾಗದ ಹಾಗೆ ಇಟ್ಟರು. ಮಾತಿಗೆ ತಗಡು ನಡುಗುತ್ತದೆ, ಒತ್ತಡ ಹೆಚ್ಚು ಕಡಿಮೆ ಆಗುತ್ತದೆ, ವಿದ್ಯುತ್ತೂ ಹಾಗೇ ಕುಣಿಯುತ್ತದೆ. 1877ರ ಏಪ್ರಿಲಿನಲ್ಲಿ ಇದನ್ನು ಪೇಟೆಂಟ್ ಕಚೇರಿಯಲ್ಲಿ ದಾಖಲು ಮಾಡಿದರು. ಮರುವರ್ಷವೇ ಬೆಲ್ ಕಂಪೆನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಪೇಟೆಂಟ್ ಕೈಗೆ ಸಿಕ್ಕಿದ್ದು ಮಾತ್ರ 1891ರಲ್ಲಿ! ಮೊದಲು ಮಾಡಿದ್ದು ಇವರಾ ಎಡಿಸನ್ನಾ ಅಂತ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು.

1887ರಲ್ಲಿ ಅವರು ಗ್ರಾಮಫೋನಿಗೆ ಪೇಟೆಂಟ್ ಪಡೆದರು. ಎಡಿಸನ್ನರ ಯಂತ್ರದಲ್ಲಿ ಸ್ವರ ಉರುಳೆಯ ಮೇಲೆ ಕೂರುತ್ತಿತ್ತು, ಇವರದ್ದು ಚಪ್ಪಟೆ ತಟ್ಟೆ. ಒಂದು ಅಚ್ಚು ಮಾಡಿದರೆ ಸಾವಿರ ತಟ್ಟೆ ತೆಗೆಯಬಹುದು.

ಇಲ್ಲೊಂದು ವಿಚಿತ್ರ ನೋಡಿ. ಮೈಕೂ ಇವರದ್ದು, ತಟ್ಟೆಯೂ ಇವರದ್ದು, ಆದರೆ ಸುಮಾರು 40 ವರ್ಷ ಇವೆರಡೂ ಒಟ್ಟು ಸೇರಲೇ ಇಲ್ಲ. ರೆಕಾರ್ಡಿಗೆ ದೊಡ್ಡ ಕೊಂಬಿನೊಳಗೆ ಬಾಯಿ ಇಟ್ಟು ಕೂಗಬೇಕಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದೂ ಹಾಗೆಯೇ. ಅದನ್ನು ಮುದ್ರಿಸಿದ ಫ್ರೆಡ್ ಗೈಸ್ಬರ್ಗ್ ಬರ್ಲಿನರ್ ಹತ್ತಿರ ಪಳಗಿದವರು. 1925ರಲ್ಲಿ ಮೈಕು ಹಿಡಿದು ಮುದ್ರಿಸುವುದು ಶುರುವಾಯಿತು. ಕೊಂಬಿನೊಳಗೆ ತಲೆ ಹಾಕಿ ರಾವಣನ ಅರ್ಥ ಹೇಳುವುದನ್ನು ಊಹಿಸಿ ಮಾರಾಯ್ರೆ!

ಇದು ಯಾಕೆ ಹೇಳಿದೆ ಅಂದರೆ, ಹೋದ ವರ್ಷ ಉರ್ವದಲ್ಲಿ ನನ್ನ ದೊಡ್ಡಮ್ಮನ ಮಗ ಒಂದು ತಾಳಮದ್ದಳೆ ರೆಕಾರ್ಡ್ ಮಾಡಿದ್ದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಅರ್ಥಧಾರಿಗಳಲ್ಲಿ ಒಬ್ಬರಿಗೆ ಎಂಬತ್ತು ದಾಟಿತ್ತು. ಅರ್ಥ ಎಂದರೆ ಬರೆದಿಟ್ಟ ಮಾತಲ್ಲ, ಕೂತಲ್ಲೇ ಹುಟ್ಟುವುದು. ಆ ದಿನ ತಪ್ಪಿದರೆ ತಪ್ಪಿತು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರೂ ಅವರ ಮಾತು ಕ್ಯಾಸೆಟ್ಟಿನಲ್ಲಿ ಉಳಿದದ್ದರಿಂದ ನಾನು ಕೇಳಿದ್ದೇನೆ. ಅವರಿಗಿಂತ ಹಿಂದಿನ ಎಷ್ಟೋ ಜನರ ಸ್ವರ ಹೇಗಿತ್ತೆಂದು ಹೇಳುವವರೇ ಇಲ್ಲ.

ಅಣ್ಣ ಮೊದಲು ಇಟ್ಟದ್ದು ಕಂಡೆನ್ಸರ್ ಮೈಕು. 48 ವೋಲ್ಟ್ ಬೇಕಾದ, ಬಹಳ ಸೂಕ್ಷ್ಮದ್ದು. ಅದಕ್ಕೆ ಫ್ಯಾನಿನ ಗಾಳಿ, ಕುರ್ಚಿ ಎಳೆದದ್ದು, ಹೊರಗಿನ ಬಸ್ಸಿನ ಹಾರ್ನ್ ಎಲ್ಲ ಕೇಳಿತು. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕಿಗೆ ಶಾಲು ಉಜ್ಜಿ ಬರಬರ ಸದ್ದು. ಕೊನೆಗೆ ಆರಿಸಿದ್ದು ಮುಂದಿನದ್ದನ್ನು ಹೆಚ್ಚು, ಹಿಂದಿನದ್ದನ್ನು ಕಡಿಮೆ ಕೇಳುವ ಡೈನಾಮಿಕ್ ಮೈಕು. ಒಬ್ಬೊಬ್ಬರಿಗೆ ಒಂದೊಂದು, ಬಾಯಿಯಿಂದ ಒಂದು ಗೇಣು ದೂರ, ಬೆನ್ನು ಚೆಂಡೆಯ ಕಡೆಗೆ ಓರೆ. ತೀರಾ ಹತ್ತಿರ ಇಟ್ಟರೆ ಸ್ವರ ಗುಮ್ ಅನ್ನುತ್ತದೆ. ಹಿಮ್ಮೇಳಕ್ಕೆ ಬೇರೆಯೇ ಮೈಕು. ಇಲ್ಲದಿದ್ದರೆ ಮೆಲುಮಾತಿಗೆ ಸರಿಹೊಂದಿಸಿದ ಮಟ್ಟದಲ್ಲಿ ಚೆಂಡೆ ಬಿದ್ದಾಗ ಸದ್ದು ಒಡೆದು ಹೋಗುತ್ತದೆ. ಆ ಹಿರಿಯರು ಪಿಸುಗುಟ್ಟಿದ್ದೂ ಸ್ಪಷ್ಟವಾಗಿ ಬಂದಿದೆ. ಇದರಲ್ಲಿ ಬರ್ಲಿನರ ಸಡಿಲ ಗುಂಡಿ ಇಲ್ಲ, ಆಯಸ್ಕಾಂತ ಮತ್ತು ತಂತಿಯ ಸುರುಳಿ ಉಂಟು. ತಗಡು ನಡುಗುವುದು ಮಾತ್ರ ಅದೇ.

ಬರ್ಲಿನರ್ ಮೈಕಿಗೇ ನಿಲ್ಲಲಿಲ್ಲ. ಮಗಳೊಬ್ಬಳು ಕಾಯಿಲೆ ಬಿದ್ದ ಮೇಲೆ, ಮಕ್ಕಳಿಗೆ ಕಾಯಿಸಿದ ಶುದ್ಧ ಹಾಲು ಸಿಗಬೇಕೆಂದು ವರ್ಷಗಟ್ಟಲೆ ಓಡಾಡಿದರು. ಮಗ ಹೆನ್ರಿಯ ಜೊತೆ ಸೇರಿ ಹೆಲಿಕಾಪ್ಟರ್ ಹಾರಿಸಲೂ ನೋಡಿದರು. 1929ರ ಆಗಸ್ಟ್ 3ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡಾಗ ಅವರಿಗೆ 78 ವರ್ಷ. ಅವರ ಮೈಕು ಅವರ ತಟ್ಟೆಗೆ ಸೇರಿ ಆಗ ನಾಲ್ಕು ವರ್ಷ ಆಗಿತ್ತು.