ದೋಷ ಹುಟ್ಟುವ ಮುನ್ನವೇ ತಡೆಯಬೇಕೆಂದ ಡೈಕ್‌ಸ್ಟ್ರಾ

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ತಂತ್ರಾಂಶ ರಚನೆಯನ್ನೇ ವೃತ್ತಿಯಾಗಿ ಸ್ವೀಕರಿಸಿದ್ದಾರೆ. ಪ್ರೋಗ್ರಾಮಿನಲ್ಲಿ ‘ಬಗ್’ ಸೇರಿಕೊಂಡಿತೆಂದು ಅವರು ರಾತ್ರಿಯೆಲ್ಲ ನಿದ್ದೆಗೆಡುವುದನ್ನು ನಾವು ಕಂಡಿದ್ದೇವೆ. ಇಂತಹ ದೋಷಗಳನ್ನು ಹುಡುಕುವುದಕ್ಕಿಂತ ಅವು ಹುಟ್ಟದಂತೆ ನೋಡಿಕೊಳ್ಳುವುದೇ ಲೇಸೆಂದು ಜೀವನವಿಡೀ ಪ್ರತಿಪಾದಿಸಿದ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಡೈಕ್‌ಸ್ಟ್ರಾ ಅವರು 1930ರ ಮೇ 11ರಂದು ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ತಾಯಿ ಗಣಿತಜ್ಞೆ. ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. 1957ರಲ್ಲಿ ವಿವಾಹ ನೋಂದಣಿಯ ಸಂದರ್ಭದಲ್ಲಿ ಅಂತಹ ವೃತ್ತಿಯೇ ಇಲ್ಲವೆಂದು ಅಧಿಕಾರಿಗಳು ಒಪ್ಪದ ಕಾರಣ, ಭೌತವಿಜ್ಞಾನಿಯೆಂದು ಬರೆಸಬೇಕಾಯಿತು!

ಮುಂದೆ ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕೆಲವೇ ಸಹೋದ್ಯೋಗಿಗಳೊಡನೆ ಗಣಕಯಂತ್ರವೊಂದರ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ರೂಪಿಸಿದರು. ಅದನ್ನು ಮನೆಯ ಅಂತಸ್ತುಗಳಂತೆ ಪದರಪದರವಾಗಿ ಕಟ್ಟಿದರು. ಕೆಳಗಿನ ಪದರವನ್ನು ಸಂಪೂರ್ಣವಾಗಿ ಪರೀಕ್ಷಿಸಿದ ಬಳಿಕವೇ ಮೇಲಿನದನ್ನು ಸೇರಿಸುತ್ತಿದ್ದರು. ಯಂತ್ರಕ್ಕೆ ಒಪ್ಪಿಸುವ ಮೊದಲು ಪ್ರತಿ ಹೆಜ್ಜೆಯೂ ಸರಿಯೇ ಎಂದು ತರ್ಕದಿಂದ ಖಚಿತಪಡಿಸಿಕೊಳ್ಳುತ್ತಿದ್ದರು. 1968ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಪರೀಕ್ಷೆಯಲ್ಲಿ ಕಂಡುಬಂದವು ಕೇವಲ ಕ್ಷುಲ್ಲಕ ತಪ್ಪುಗಳು. 500 ಆದೇಶಗಳಿಗೆ ಒಂದರಂತೆ. ಅವುಗಳಲ್ಲಿ ಪ್ರತಿಯೊಂದೂ ಹತ್ತು ನಿಮಿಷಗಳೊಳಗೆ ಪತ್ತೆಯಾಯಿತು.

ಅದೇ ವರ್ಷ, ಪ್ರೋಗ್ರಾಮಿನ ಓಟವನ್ನು ಎಲ್ಲಿಂದ ಎಲ್ಲಿಗೋ ಜಿಗಿಸುವ ‘ಗೋ ಟು’ ಆದೇಶದ ವಿರುದ್ಧ ಅವರು ಬರೆದ ಪತ್ರ ದೊಡ್ಡ ಚರ್ಚೆಯನ್ನೆಬ್ಬಿಸಿತು. ಓದಿದರೆ ಅರ್ಥವಾಗದ ಪ್ರೋಗ್ರಾಮಿನಲ್ಲಿ ದೋಷಗಳು ಅಡಗಿರುತ್ತವೆ ಎಂಬುದು ಅವರ ನಿಲುವು. ಪರೀಕ್ಷೆಯಿಂದ ದೋಷವಿದೆಯೆಂದು ತಿಳಿಯಬಹುದೇ ಹೊರತು, ದೋಷವೇ ಇಲ್ಲವೆಂದು ಹೇಳಲಾಗದೆಂಬ ಅವರ ಎಚ್ಚರಿಕೆ ಇಂದಿಗೂ ಸತ್ಯ. 1972ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಬೃಹತ್ ತಂತ್ರಾಂಶಗಳಲ್ಲಿ ಪ್ರತಿ ಸಾಲನ್ನೂ ಗಣಿತದಿಂದ ಸಾಧಿಸುವುದು ಅಸಾಧ್ಯವೆಂದು ಅನೇಕರು ಆಕ್ಷೇಪಿಸಿದ್ದುಂಟು. ಆದರೂ ಅವರು ಹಿಡಿದ ದಾರಿ ಬಿಡಲಿಲ್ಲ. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಅಧ್ಯಾಪನ ನಡೆಸಿದರು. 1,300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ರಚಿಸಿದರು. ಅವುಗಳಲ್ಲಿ ಬಹುಪಾಲನ್ನು ಶಾಯಿಪೆನ್ನಿನಿಂದ ಮುದ್ದಾಗಿ ಬರೆದಿದ್ದರು. 2002ರ ಆಗಸ್ಟ್ 6ರಂದು ಸ್ವದೇಶದ ನ್ಯೂನೆನ್‌ನಲ್ಲಿ ನಿಧನರಾದರು.

ಆಸ್ಪತ್ರೆ, ಬ್ಯಾಂಕು, ವಿಮಾನಗಳೆಲ್ಲವೂ ತಂತ್ರಾಂಶವನ್ನೇ ನಂಬಿರುವ ಈ ಕಾಲದಲ್ಲಿ ಒಂದು ಸಣ್ಣ ತಪ್ಪಿಗೂ ದೊಡ್ಡ ಬೆಲೆ ತೆರಬೇಕಾದೀತು. ಚಿಕ್ಕ ಭಾಗಗಳಾಗಿ ಬರೆಯುವುದು, ಬರೆದುದನ್ನು ಓಡಿಸುವ ಮುನ್ನ ಓದುವುದು, ಒಂದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕುವುದು: ನಮ್ಮ ಮಕ್ಕಳು ಅವರಿಂದ ಕಲಿಯಬೇಕಾದುದು ಈ ತಾಳ್ಮೆಯನ್ನೇ.